ಹಳೆ ಕಾರಿನ ಸಸ್ಪೆನ್ಷನ್‌ಗೆ ದುಡ್ಡು ಹಾಕೋದಾ, ಗಾಡಿ ಕೊಡೋದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಎದುರು ಸಿಕ್ಕಾಗ, ಫೋನಿನಲ್ಲಿ, ಕಾಗದ ಬರೆದು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೆಚ್ಚಿನವರ ಹತ್ತಿರ ಇರೋದು ಹತ್ತು ವರ್ಷ ದಾಟಿದ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಸ್ಯಾಂಟ್ರೊ, ಇಂಡಿಕಾ ತರದ ಗಾಡಿ. ಉತ್ತರಗಳೂ ಅಂಥ ಗಾಡಿಗಳಿಗೇ. ರಿಪೇರಿಯ ಮೊತ್ತಗಳು ಲೆಕ್ಕ ತೋರಿಸೋಕೆ ಇಟ್ಟವು ಅಷ್ಟೇ, ನಿಮ್ಮ ಗಾಡಿಯ ರೇಟು ನಿಮ್ಮ ಊರಿನ ಅಂಗಡಿಯಲ್ಲೇ ಕೇಳಿ.

## ಮೊದಲು ಗೊತ್ತಿರಬೇಕಾದ್ದು

ಸಸ್ಪೆನ್ಷನ್ ಅಂದ್ರ ಶಾಕಪ್ ಒಂದೇ ಅಲ್ಲೇನ್ರಿ?

ಅಲ್ಲ. ಗಾಡಿಯ ಭಾರ ಹೊರೋದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿಯೋದು ಶಾಕಪ್. ಚಕ್ರವನ್ನು ಅದರ ಜಾಗದಲ್ಲಿ ನಿಲ್ಲಿಸೋದು ಲೋಯರ್ ಆರ್ಮ್, ಅದರ ತುದಿಯ ಬಾಲ್ ಜಾಯಿಂಟ್, ಬುಡದ ರಬ್ಬರ್ ಬುಶ್. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯೋ ಸ್ಟೆಬಿಲೈಜರ್ ಬಾರಿಗೆ ಎರಡು ಕಡೆ ಲಿಂಕ್ ರಾಡ್ ಇರುತ್ತವೆ. ಶಾಕಪ್ಪಿನ ತಲೆ ಮೇಲೆ, ಬಾನೆಟ್ ಎತ್ತಿದರೆ ಕಾಣೋ ಜಾಗದಲ್ಲಿ, ಒಂದು ರಬ್ಬರ್ ಮೌಂಟಿಂಗ್, ಅದರೊಳಗೆ ಬೇರಿಂಗ್. ಟೈ ರಾಡ್ ಎಂಡ್, ಸ್ಟೇರಿಂಗ್ ರ್‍ಯಾಕ್ ಲೆಕ್ಕಕ್ಕೆ ಸ್ಟೇರಿಂಗಿನವು, ಚಕ್ರ ತಿರುಗಿಸೋದು ಇವೇ. ಆದರೂ ಬಿಲ್ಲಿನಲ್ಲಿ ಇವುಗಳ ಜೊತೆಗೇ ಬರುತ್ತವೆ.

ಸಣ್ಣ ಕಾರುಗಳಲ್ಲಿ ಹಿಂದಿನ ಕಡೆ ಸಾಮಾನು ಕಡಿಮೆ. ಖರ್ಚೆಲ್ಲ ಮುಂದೆ.

ತಗ್ಗಿನ್ಯಾಗ ಇಳಿದ್ರ ಖಟ್ ಖಟ್ ಅಂತದ. ಗಾಡಿ ಮುಗೀತೇನು?

ಅಷ್ಟು ಬೇಗ ಮುಗಿಯಲ್ಲ. ಜಾಸ್ತಿ ಸಪ್ಪಳ ಮಾಡೋದು ಸಾಮಾನ್ಯವಾಗಿ ಅಗ್ಗದ ಸಾಮಾನೇ. ಅಪಾಯದ ಸಾಮಾನು ಎಷ್ಟೋ ಸಲ ಸುಮ್ನೆ ಇರುತ್ತದೆ.

ನಿಧಾನಕ್ಕೆ ಹೋಗುವಾಗ, ಸಣ್ಣ ಸಣ್ಣ ಏರುತಗ್ಗಿನಲ್ಲಿ ಟಕ ಟಕ ಬಡಿದರೆ ಮೊದಲು ಲಿಂಕ್ ರಾಡ್, ಸ್ಟೆಬಿಲೈಜರ್ ಬುಶ್ ನೋಡಿಸಿ. ದೊಡ್ಡ ತಗ್ಗಿಗೆ ಬಿದ್ದಾಗ ಧಡ್ ಅಂತ ತಳ ಕಂಡ ಹಾಗಾದರೆ ಶಾಕಪ್ ಸೋತಿದೆ, ಇಲ್ಲವೇ ತಳ ಬಡಿಯದಂತೆ ತಡೆಯೋ ಅದರೊಳಗಿನ ಬಂಪ್ ಸ್ಟಾಪ್ ಪುಡಿಯಾಗಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಕಿರ್ರ್ ಅಂದು, ಆಮೇಲೆ ಸ್ಪ್ರಿಂಗ್ ಟಂಗ್ ಅಂತ ಬಿಟ್ಟರೆ ಮೇಲಿನ ಮೌಂಟಿಂಗ್ ಬೇರಿಂಗ್. ಬ್ರೇಕ್ ಒತ್ತಿದ ಕೂಡಲೇ ಕಾಲ ಬುಡದಲ್ಲಿ ಒಂದೇ ಒಂದು ಧಕ್ಕೆ ಬಂದರೆ ಲೋಯರ್ ಆರ್ಮ್ ಬುಶ್ ಹರಿದಿರಬಹುದು. ವೇಗ ಏರಿದಂತೆ ಗೂಂ ಅನ್ನೋದೂ ಏರಿದರೆ ವೀಲ್ ಬೇರಿಂಗ್. ಆದರೆ ಓರೆಯಾಗಿ ಸವೆದ ಟೈರೂ ಹೀಗೇ ಕೂಗುತ್ತದೆ. ಮುಂದಿನ ಟೈರು ಹಿಂದೆ, ಹಿಂದಿಂದು ಮುಂದೆ ಹಾಕಿ ನೋಡಿ. ಸಪ್ಪಳವೂ ಜಾಗ ಬದಲಿಸಿದರೆ ತಪ್ಪು ಟೈರಿನದ್ದು. ಪೂರ್ತಿ ಸ್ಟೇರಿಂಗ್ ತಿರುಗಿಸಿ ಹೊರಟಾಗ ಕಟ ಕಟ ಕಟ ಅಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟು, ಸಸ್ಪೆನ್ಷನ್ ಅಲ್ಲವೇ ಅಲ್ಲ.

ಇನ್ನೊಂದು ಮಾತು. ಡಿಕ್ಕಿಯಲ್ಲಿ ಜಾಕು, ಪಾನಾ ಸಡಿಲ ಬಿದ್ದಿಲ್ಲ ತಾನೇ? ಸ್ಟೆಪ್ನಿ ಬಿಗಿಯಾಗಿದೆಯಾ? ನಗಬೇಡಿ, ಇದನ್ನೇ ಸಸ್ಪೆನ್ಷನ್ ಅಂದುಕೊಂಡು ಗ್ಯಾರೇಜಿಗೆ ಬರೋರು ಇದ್ದಾರೆ.

ಗ್ಯಾರೇಜಿಗೆ ಹೋಗೂಕಿಂತ ಮೊದಲ ಮನ್ಯಾಗೇ ಏನಾರ ನೋಡಬಹುದೇನ್ರಿ?

ಬೇಕಾದಷ್ಟು. ಮೊದಲು ಟೈರಿನ ಗಾಳಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಬೇಕು. ಬೇಸಿಗೆಯಲ್ಲಿ ಬಿಸಿ ಟೈರಿಗೆ ಅಳೆದರೆ ಜಾಸ್ತಿ ತೋರಿಸುತ್ತದೆ, ಮುಂಜಾನೆ ತಣ್ಣಗಿದ್ದಾಗ ನೋಡಿ. ಆಮೇಲೆ ಟೈರಿನ ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಗಟ್ಟಿಯಾದ ಹಳೆ ಟೈರು ಹಾಕಿಕೊಂಡು ಶಾಕಪ್ ಬೈಯೋದು ನಮ್ಮಲ್ಲಿ ಮಾಮೂಲು.

ಮಳೆಗಾಲದಲ್ಲಿ ಹೊಲದ ದಾರಿ ಹೊಕ್ಕು ಬಂದ ಮೇಲೆ 60–70ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುತ್ತಿದ್ದರೆ ಚಕ್ರದ ಒಳಮಗ್ಗುಲಿಗೆ ಕೈ ಹಾಕಿ ನೋಡಿ. ರಿಮ್ಮಿನೊಳಗೆ ಎರೆ ಮಣ್ಣು ಹೆಂಟೆ ಕಟ್ಟಿ ಒಣಗಿರುತ್ತದೆ. ಒಂದು ಕಡೆ ಭಾರ ಕೂತರೆ ಬ್ಯಾಲೆನ್ಸಿಂಗ್ ಎಲ್ಲ ಹಾಳು. ನೀರು ಹೊಡೆದು ಕೆರೆದು ತೆಗೆದರೆ ನಡುಕ ಹೋಗುತ್ತದೆ. ರೂಪಾಯಿ ಖರ್ಚಿಲ್ಲ.

ಆಮೇಲೆ ಬಾನೆಟ್ಟಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಗಾಡಿ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕಪ್ ಸೋತಿದೆ. ತೂಗದಿದ್ದರೆ ಚೆನ್ನಾಗಿದೆ ಅಂತೇನೂ ಅಲ್ಲ, ಇದು ಪೂರ್ತಿ ಹೋದ ಶಾಕಪ್ಪನ್ನಷ್ಟೇ ಹಿಡಿಯುತ್ತದೆ. ಶಾಕಪ್ಪಿನ ಮೈಮೇಲೆ ಸ್ವಲ್ಪ ಧೂಳು ಮೆತ್ತಿದ ತೇವ ಇದ್ದರೆ ಗಾಬರಿ ಬೇಡ. ಆಯಿಲ್ ಇಳಿದು ಗೆರೆ ಬಿದ್ದಿದ್ದರೆ ಅದರ ಕಥೆ ಮುಗಿದಿದೆ.

ನಮ್ಮ ಕಡೆ ರೋಡಿಗೆ ಗಾಡಿ ಬೇಗ ಹಾಳಾಗ್ತಾವ ಅಂತಾರ. ಖರೇನಾ?

ಖರೆ. ಕಾರಣ ಬರೀ ತಗ್ಗು ಅಲ್ಲ. ಕಲಬುರಗಿ, ಜೇವರ್ಗಿ, ಶಹಾಪುರ ಕಡೆಯ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರ್ ಒಡೆಯದಿದ್ದರೂ ಅಲೆಅಲೆಯಾಗುತ್ತದೆ. ಕಣ್ಣಿಗೆ ರೋಡು ಚೆನ್ನಾಗಿ ಕಾಣುತ್ತದೆ, ಗಾಡಿ ಮಾತ್ರ ಒಂದೇ ಸಮ ಮೇಲೆ ಕೆಳಗೆ ಆಗುತ್ತಿರುತ್ತದೆ. ಶಾಕಪ್ ಬಿಸಿಯಾಗಿ ಸವೆಯೋದು ಇಂಥಲ್ಲೇ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಹೀಗೆ ಉಬ್ಬಲ್ಲ. ಅದಕ್ಕೇ ಅಲ್ಲಿಯ ಗಾಡಿಗೂ ಇಲ್ಲಿಯ ಗಾಡಿಗೂ ತುಸು ಫರಕು ಇರುತ್ತದೆ.

ಇದರ ಮೇಲೆ ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಲಾರಿಗಳು, ಶಹಾಬಾದಿನ ಫರ್ಸಿ ಕಲ್ಲು ಹೊತ್ತ ಗಾಡಿಗಳು. ಅವು ಓಡಾಡುವ ರೋಡಿನಲ್ಲಿ ಚಕ್ರದ ಜಾಡು ತಗ್ಗಾಗಿ, ನಡುವೆ ದಿಬ್ಬ ಎದ್ದಿರುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ರಬ್ಬರೂ ಬೇಗ ಗಟ್ಟಿಯಾಗಿ ಸೀಳು ಬಿಡುತ್ತದೆ. ಒಳ್ಳೆ ರೋಡಿನಲ್ಲಿ 70–80 ಸಾವಿರ ಕಿ.ಮೀ. ಬರುವ ಶಾಕಪ್ ಇಲ್ಲಿ ಅಷ್ಟು ಬರದಿದ್ದರೆ ಕಂಪನಿಯನ್ನೇ ಬೈಯಬೇಕಿಲ್ಲ.

ತೊಗರಿ ಚೀಲ ಹಿಂದಿನ ಸೀಟಿನ ಮೇಲೆ ಹೇರೋರಿಗೆ ಪ್ರತ್ಯೇಕ ಉತ್ತರ ಇಲ್ಲ.

ಹಿಂಗೇ ಓಡಿಸಿದ್ರ ಏನಾಗ್ತದ? ಸಪ್ಪಳ ತಾನೇ?

ಯಾವುದರ ಸಪ್ಪಳ ಅನ್ನೋದರ ಮೇಲಿದೆ. ಲಿಂಕ್ ರಾಡ್ ಸಪ್ಪಳದಲ್ಲಿ ನೀವು ತಿಂಗಳುಗಟ್ಟಲೆ ಓಡಾಡಬಹುದು, ತಲೆ ಕೆಡುತ್ತದೆ ಅಷ್ಟೇ. ಬಾಲ್ ಜಾಯಿಂಟ್ ಹಾಗಲ್ಲ. ಅದು ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಟೈ ರಾಡ್ ಎಂಡ್ ಕಳಚಿದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿರುತ್ತದೆ, ಒಂದು ಚಕ್ರ ಮಾತ್ರ ನಿಮ್ಮ ಮಾತು ಕೇಳಲ್ಲ. ಗಲ್ಲಿಯೊಳಗೆ ಆದರೆ ಹೇಗೋ ಬಚಾವ್. ಹುಮನಾಬಾದ್ ದಾಟಿ ಹೈದರಾಬಾದ್ ಹೈವೇ ಮೇಲೆ ಆದರೆ?

ಸೋತ ಶಾಕಪ್ ಇವೆರಡರ ನಡುವೆ. ಚಕ್ರ ನೆಲ ಬಿಟ್ಟು ಪುಟಿಯುವುದರಿಂದ ಬ್ರೇಕ್ ಹಾಕಿದಾಗ ಗಾಡಿ ನಿಲ್ಲೋ ದೂರ ಜಾಸ್ತಿಯಾಗುತ್ತದೆ, ಟೈರು ಅಲ್ಲಲ್ಲಿ ಗುಳಿ ಬಿದ್ದು ಸವೆಯುತ್ತದೆ.

## ಎಸ್ಟಿಮೇಟು, ಮಾಲು, ಮಜೂರಿ

ಇಪ್ಪತ್ತೆಂಟು ಸಾವಿರ ಎಸ್ಟಿಮೇಟ್ ಕೊಟ್ಟಾರ್ರಿ. ಇಷ್ಟೆಲ್ಲಾ ಬೇಕೇನು?

ಬಹಳಷ್ಟು ಸಲ ಬೇಕಿರಲ್ಲ. ಮೋಸ ಅಂತಲ್ಲ. ಹಳೆ ಗಾಡಿಗೆ ಒಂದು ಸಾಮಾನು ಹಾಕಿ ಸಪ್ಪಳ ಹೋಗದಿದ್ದರೆ ನೀವು ವಾಪಸ್ ಬಂದು ಜಗಳ ಮಾಡ್ತೀರಿ. ಅದಕ್ಕೇ ಗ್ಯಾರೇಜಿನವರು ಪೂರ್ತಿ ಸೆಟ್ಟೇ ಬರೆದುಬಿಡುತ್ತಾರೆ.

ಎಸ್ಟಿಮೇಟ್ ಚೀಟಿ ಹಿಡಿದು ಕೂತು ಮೂರು ಗುಂಪು ಮಾಡಿ. ಮೊದಲನೇದು ಜೀವಕ್ಕೆ ಸಂಬಂಧಿಸಿದ್ದು: ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್, ಮುರಿದ ಸ್ಪ್ರಿಂಗ್. ಇವು ಹೋಗಿದ್ದರೆ ಚೌಕಾಸಿಯೇ ಇಲ್ಲ, ಇವತ್ತೇ ಹಾಕಿಸಿ. ಎರಡನೇದು ಟೈರು ತಿನ್ನೋದು: ಲೋಯರ್ ಆರ್ಮ್ ಬುಶ್, ಶಾಕಪ್. ಇವನ್ನು ತಳ್ಳಿದರೆ ಉಳಿಸಿದ ದುಡ್ಡು ಟೈರಿಗೆ ಹೋಗುತ್ತದೆ. ಮೂರನೇದು ಬರೀ ಸಪ್ಪಳ, ಬರೀ ಕುಲುಕಾಟ: ಲಿಂಕ್ ರಾಡ್, ಸ್ಟೆಬಿಲೈಜರ್ ಬುಶ್, ಮೇಲಿನ ಮೌಂಟಿಂಗ್.

ಆಮೇಲೆ ಗಾಡಿಯನ್ನು ಜಾಕ್ ಮೇಲೆತ್ತಿಸಿ, ನೀವೇ ಪಕ್ಕದಲ್ಲಿ ನಿಂತು, ಒಂದೊಂದನ್ನೂ ತೋರಿಸಿ ಅನ್ನಿ. ಮುಂದಿನ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಟೈ ರಾಡ್ ಅಥವಾ ರ್‍ಯಾಕ್. ಬುಶ್ ಹತ್ತಿರ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರೆ ಹರಿದ ರಬ್ಬರ್ ಬಾಯಿ ಬಿಡುತ್ತದೆ. ಇದನ್ನು ತೋರಿಸೋಕೆ ಐದು ನಿಮಿಷ ಸಾಕು. ಒಳ್ಳೆ ಉಸ್ತಾದ್ ಖುಷಿಯಿಂದ ತೋರಿಸ್ತಾನೆ. "ಅದೆಲ್ಲ ನಿಮಗ ತಿಳಿಯಂಗಿಲ್ಲ ಬಿಡ್ರಿ" ಅಂದರೆ ಬೇರೆ ಗ್ಯಾರೇಜ್ ನೋಡಿ.

ಒಂದ ಕಡೆ ಶಾಕಪ್ ಹೋಗ್ಯದ. ಒಂದೇ ಹಾಕಿದ್ರ ನಡೀತದಲ್ಲಾ?

ಬೇಡ. ಮುಂದಿನವು ಎರಡು, ಇಲ್ಲವೇ ಹಿಂದಿನವು ಎರಡು, ಜೋಡಿಯಾಗೇ ಹಾಕಿ. ಒಂದು ಗಟ್ಟಿ ಒಂದು ಮೆತ್ತಗೆ ಇದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ನಾಲ್ಕನ್ನೂ ಒಟ್ಟಿಗೇ ಹಾಕಬೇಕು ಅನ್ನೋದು ಮಾತ್ರ ಸುಳ್ಳು. ಲಿಂಕ್ ರಾಡ್, ಟೈ ರಾಡ್ ಎಂಡ್ ಒಂದೇ ಕಡೆ ಹಾಕಿದರೂ ತೊಂದರೆ ಇಲ್ಲ.

ಕಂಪನಿ ಮಾಲು ಹಾಕ್ಸಲೋ, ಲೋಕಲ್ ಮಾಲು ಸಾಕೋ? ಹೈದರಾಬಾದ್ ಗುಜರಿಯಿಂದ ತರಿಸ್ತೀನಿ ಅಂತಾನ ಒಬ್ಬಾವ.

ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬೇರಿಂಗ್ ಮಾತ್ರ ಕಂಪನಿಯದ್ದು ಅಥವಾ ಹೆಸರಿರುವ ತಯಾರಕರದ್ದೇ ಇರಲಿ. ಶಾಕಪ್‌ಗೆ ಗೇಬ್ರಿಯಲ್ ತರದ ಹೆಸರಾಂತ ಮಾಲು ಪೇಟೆಯಲ್ಲಿ ಸಿಗುತ್ತದೆ. ಕಾರ್ ಕಂಪನಿಗಳಿಗೆ ಶಾಕಪ್ ಮಾಡಿಕೊಡೋರೇ ಅಂಗಡಿಗೂ ಕೊಡುತ್ತಾರೆ. ಡಬ್ಬದ ಮೇಲೆ ಎಂಆರ್‌ಪಿ, ಪಾರ್ಟ್ ನಂಬರ್, ತಯಾರಾದ ತಿಂಗಳು ಇಲ್ಲದಿದ್ದರೆ ವಾಪಸ್ ಕೊಡಿ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ಅಂತ ಒಮ್ಮೆ ಕಣ್ಣಾಡಿಸಿ.

ಗುಜರಿಯಿಂದ ಬಾಗಿಲು, ಲೈಟು, ಸೀಟು ತನ್ನಿ, ನನ್ನ ಅಡ್ಡಿಯಿಲ್ಲ. ರ್‍ಯಾಕ್, ಹಿಂದಿನ ಆಕ್ಸಲ್ ಕೂಡ ನೋಡಿ ತಂದರೆ ನಡೆಯುತ್ತದೆ. ರಬ್ಬರ್ ಇರುವ ಸಾಮಾನು ಬೇಡ. ಆ ಗಾಡಿಯೂ ಇಂಥ ಬಿಸಿಲಿನಲ್ಲೇ ಹತ್ತು ವರ್ಷ ನಿಂತಿದ್ದು ತಾನೇ?

ಬುಶ್ ಹಾಕ್ಸಿ ಆರು ತಿಂಗಳಾಗಿಲ್ಲ, ಮತ್ತ ಹರದಾವ. ಮಾಲು ಡುಪ್ಲಿಕೇಟ್ ಇತ್ತೇನು?

ಇರಬಹುದು. ಆದರೆ ಮೊದಲ ಅನುಮಾನ ಬೋಲ್ಟ್ ಬಿಗಿದ ರೀತಿಯ ಮೇಲೆ. ಲೋಯರ್ ಆರ್ಮ್ ಬುಶ್ ಅಂದರೆ ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು, ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದ ಕೂಡಲೇ ಒಳಗಿನ ಕೊಳವೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡೋದು ರಬ್ಬರ್ ತಿರುಚುವುದರಿಂದ ಮಾತ್ರ. ಜಾಕ್ ಮೇಲೆ ಚಕ್ರ ಜೋತು ಬಿದ್ದಾಗಲೇ ಪೂರ್ತಿ ಬಿಗಿದರೆ ಏನಾಗುತ್ತದೆ? ಗಾಡಿ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ನಿಂತಾಗಲೂ ಎಳೆತ, ಓಡುವಾಗ ದುಪ್ಪಟ್ಟು ಎಳೆತ. ಹರಿಯದೇ ಇನ್ನೇನು?

ಸರಿಯಾದ ಕ್ರಮ ಸುಲಭ. ಬೋಲ್ಟನ್ನು ಅರ್ಧ ಬಿಗಿದು, ಚಕ್ರ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಪೂರ್ತಿ ಬಿಗಿಯೋದು. ಗುಂಡಿ ಅಥವಾ ರ‍್ಯಾಂಪ್ ಇರೋ ಗ್ಯಾರೇಜಿನಲ್ಲಿ ಇದು ಎರಡು ನಿಮಿಷದ ಕೆಲಸ. ರೋಡ್ ಬದಿ ಜಾಕ್ ಹಾಕಿ ಮಾಡೋರು ಇದನ್ನು ಬಿಟ್ಟುಬಿಡುತ್ತಾರೆ. ಮುಂದಿನ ಸಲ ಕೆಲಸ ಶುರುವಾಗುವ ಮೊದಲೇ "ಗಾಡಿ ಕೆಳಗಿಳಿಸಿದ ಮ್ಯಾಲ ಟೈಟ್ ಮಾಡ್ರಿ ಅಣ್ಣಾ" ಅಂತ ಹೇಳಿ.

ಶಾಕಪ್ಪಿಗೆ ಆಯಿಲ್ ತುಂಬಿ ಕೊಡ್ತೀನಿ, ಸ್ಪ್ರಿಂಗಿನ್ಯಾಗ ರಬ್ಬರ್ ಇಡ್ತೀನಿ, ಅರ್ಧ ದುಡ್ಡಿನ್ಯಾಗ ಆಗ್ತದ ಅಂತಾನ.

ಎರಡೂ ಬೇಡ. ಶಾಕಪ್ ಕೊರೆದು, ಆಯಿಲ್ ಹಾಕಿ, ವೆಲ್ಡ್ ಮಾಡಿದ್ದು ಒಂದೆರಡು ತಿಂಗಳು ಗಟ್ಟಿಯಾಗಿರುತ್ತದೆ. ಒಳಗಿನ ಸವೆದ ಸೀಲು, ವಾಲ್ವ್ ಹಾಗೇ ಇರುತ್ತವೆ. ಸ್ಪ್ರಿಂಗ್ ಸುತ್ತಿನ ನಡುವೆ ತುರುಕುವ ರಬ್ಬರ್ ಗಾಡಿಯನ್ನು ಎತ್ತರಿಸುತ್ತದೆ, ನಿಜ. ಆದರೆ ಆ ಸುತ್ತು ಆಡದಂತೆ ಹಿಡಿದು ಉಳಿದ ಸುತ್ತುಗಳ ಮೇಲೆ ಭಾರ ಹಾಕುತ್ತದೆ. ಸ್ಪ್ರಿಂಗ್ ಕುಸಿದಿದ್ದರೆ ಸ್ಪ್ರಿಂಗೇ ಬದಲಿಸಿ.

ಇನ್ಶೂರೆನ್ಸಿನ್ಯಾಗ ಏನೂ ಸಿಗಂಗಿಲ್ಲೇನು?

ಸವೆತಕ್ಕೆ ಸಿಗಲ್ಲ. ತಗ್ಗಿಗೆ ಬಿದ್ದು ಲೋಯರ್ ಆರ್ಮ್ ಬಾಗಿತು, ರಿಮ್ ಸೀಳಿತು ಅಂದರೆ ಅದು ಅಪಘಾತದ ಲೆಕ್ಕ. ಕಾಂಪ್ರೆಹೆನ್ಸಿವ್ ಪಾಲಿಸಿ ಇದ್ದರೆ ಕ್ಲೇಮ್ ಕೇಳಬಹುದು. ಗಾಡಿಯನ್ನು ಬಿಚ್ಚುವ ಮೊದಲು ಸರ್ವೇಯರ್ ನೋಡಬೇಕು, ಜಾಗದ ಫೋಟೊ ಇರಲಿ. ರಬ್ಬರ್, ಪ್ಲಾಸ್ಟಿಕ್, ಟೈರಿಗೆ ಶೇ 50 ಕಡಿತ, ಕಬ್ಬಿಣದ ಸಾಮಾನಿಗೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಹಳೆ ಗಾಡಿಗೆ ಕಡಿತ ಕಳೆದು, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗೋ ರಿಯಾಯಿತಿ) ಹೋಗೋದನ್ನೂ ಕಳೆದರೆ ಕೈಗೆ ಬರೋದು ಕಡಿಮೆ. ಬರೀ ಥರ್ಡ್ ಪಾರ್ಟಿ ಇದ್ದರೆ ಈ ಮಾತೇ ಇಲ್ಲ.

## ಇಟ್ಟುಕೊಳ್ಳೋದಾ, ಕೊಡೋದಾ

ಗಾಡಿ ಬೆಲಿನೇ ಎಂಬತ್ತು ಸಾವಿರ. ಅದಕ್ಕ ಇಪ್ಪತ್ತೆಂಟು ಸಾವಿರ ಹಾಕೋದು ಹುಚ್ಚುತನ ಅಲ್ಲೇನ್ರಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಇಲ್ಲಿ ತಪ್ಪಿರೋದು ಲೆಕ್ಕ ಹಾಕುವ ರೀತಿಯಲ್ಲಿ. ಗಾಡಿಯ ಮಾರುಕಟ್ಟೆ ಬೆಲೆಗೂ ರಿಪೇರಿ ಬಿಲ್ಲಿಗೂ ತಾಳೆ ಹಾಕೋದು ಮಾರಲು ಹೊರಟವರ ಲೆಕ್ಕ. ಓಡಿಸುವವರಿಗೆ ಬೇಕಾದ್ದು ಬೇರೆ: ಈ ದುಡ್ಡು ಹಾಕಿದರೆ ಇನ್ನೂ ಎಷ್ಟು ತಿಂಗಳು ಗಾಡಿ ಓಡುತ್ತದೆ, ಇದನ್ನು ಬಿಟ್ಟರೆ ಅದೇ ತಿಂಗಳುಗಳಿಗೆ ಎಷ್ಟು ಕೊಡಬೇಕು?

ಲೆಕ್ಕ ಮಾಡಿ ನೋಡೋಣ. ಸಸ್ಪೆನ್ಷನ್‌ಗೆ 28,000. ಹಳೆ ಗಾಡಿ ಅಲ್ವಾ, ವರ್ಷಕ್ಕೆ ಇನ್ನೂ 12,000 ಬೇರೆ ರಿಪೇರಿಗೆ ಇಡೋಣ. ಮೂರು ವರ್ಷಕ್ಕೆ 36,000. ಎಲ್ಲ ಸೇರಿ 64,000. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,800 ರೂಪಾಯಿಯ ಒಳಗೆ.

ಈಗ ಹೊಸದು. 6 ಲಕ್ಷದ ಕಾರು ಅನ್ನಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಮಾನ ತೆರಿಗೆ ಶೇ 14. ಅಂದರೆ 84,000, ಅದರ ಮೇಲೆ ಸೆಸ್ಸು. ತೆರಿಗೆ ಒಂದೇ ನಿಮ್ಮ ರಿಪೇರಿ ಬಿಲ್ಲಿನ ಮೂರು ಪಟ್ಟು! 5 ಲಕ್ಷ ಸಾಲ, ಶೇ 9 ಬಡ್ಡಿ, 5 ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 10,400. ಇನ್ಶೂರೆನ್ಸ್ ಬೇರೆ. ಹೊಸ ಗಾಡಿಗೆ ಮರುಮಾರಾಟದ ಬೆಲೆ ಉಳಿಯುತ್ತದೆ ಅಂತ ವಾದ ಮಾಡಬಹುದು. ಉಳಿಯುತ್ತದೆ, ಆದರೆ ಮೊದಲ ಮೂರು ವರ್ಷದಲ್ಲಿ ಅದು ಕಳೆದುಕೊಳ್ಳುವ ಬೆಲೆ ನಿಮ್ಮ ಹಳೆ ಗಾಡಿಯ ಪೂರ್ತಿ ಬೆಲೆಗಿಂತ ಜಾಸ್ತಿ.

ಹಾಗಾಗಿ ಎಂಜಿನ್, ಗೇರ್ ಬಾಕ್ಸ್, ಬಾಡಿ ಗಟ್ಟಿ ಇದ್ದು ಸಸ್ಪೆನ್ಷನ್ ಮಾತ್ರ ಹೋಗಿದ್ದರೆ ಹಾಕಿಸಿ ಅನ್ನೋದೇ ನನ್ನ ಮಾತು. ಸಸ್ಪೆನ್ಷನ್ ಸವೆಯೋ ಸಾಮಾನು. ಸವೆದದ್ದನ್ನು ಬದಲಿಸೋಕೆಂದೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ.

ಹಾಂಗಾದ್ರ ಯಾವಾಗ "ಬ್ಯಾಡ" ಅಂತೀರಿ?

ಮೊದಲು ತುಕ್ಕು. ಬಾನೆಟ್ ಎತ್ತಿ ಶಾಕಪ್ಪಿನ ತಲೆ ಕೂರುವ ಜಾಗ ನೋಡಿ. ಕೆಳಗೆ ಲೋಯರ್ ಆರ್ಮ್ ಹಿಡಿದಿರುವ ಕ್ರಾಸ್ ಮೆಂಬರ್ ನೋಡಿ. ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿದರೆ ಪದರು ಪದರಾಗಿ ಏಳುತ್ತಿದ್ದರೆ, ಒಳಕ್ಕೆ ಇಳಿದರೆ, ಹೊಸ ಸಾಮಾನು ಹಾಕಿ ಪ್ರಯೋಜನವಿಲ್ಲ. ಹಿಡಿದುಕೊಳ್ಳುವ ಗೋಡೆಯೇ ಹೋಗಿದೆ. ನಮ್ಮ ಒಣ ಹವೆಯಲ್ಲಿ ಇದು ಕಡಿಮೆ. ಆದರೆ ಕರಾವಳಿಯಲ್ಲೋ ಮುಂಬೈಯಲ್ಲೋ ಓಡಿ ಬಂದ ಗಾಡಿಯಾದರೆ ತಪ್ಪದೇ ನೋಡಿ.

ಎರಡನೇದು, ಅಪಘಾತದಲ್ಲಿ ಬಾಡಿ ಬಾಗಿದ ಗಾಡಿ. ಎಷ್ಟು ಸಲ ಚಕ್ರ ನೆಟ್ಟಗೆ ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದರೂ ಒಂದೇ ಟೈರಿನ ಒಳಮಗ್ಗುಲು ಸವೆಯುತ್ತದೆ. ಮೂರನೇದು, ಎಂಜಿನ್ನೂ ಕೈಕೊಡುವ ಹಂತದಲ್ಲಿದ್ದರೆ: ನೀಲಿ ಹೊಗೆ, ವಾರಕ್ಕೊಮ್ಮೆ ಆಯಿಲ್ ತುಂಬುವುದು, ಬಿಸಿಯಾಗಿ ನಿಲ್ಲುವುದು. ಎರಡು ದೊಡ್ಡ ಬಿಲ್ಲು ಒಂದೇ ವರ್ಷ ಬರುವ ಹಾಗಿದ್ದರೆ ಮೇಲಿನ ತಿಂಗಳ ಲೆಕ್ಕ ಉಲ್ಟಾ ಆಗುತ್ತದೆ. ಗಾಡಿ ತಿಂಗಳಿಗೆರಡು ಸಲ ಮಾತ್ರ ಹೊರಗೆ ಬರುತ್ತಿದ್ದರೂ ಯೋಚಿಸಿ. ಗಾಣಗಾಪುರಕ್ಕೋ ಘತ್ತರಗಿಗೋ ದೇವರಿಗೆ ಹೋಗೋಕೆ ಬಾಡಿಗೆ ಗಾಡಿಯೇ ಅಗ್ಗ.

15 ವರ್ಷ ಆದ ಮ್ಯಾಲ ಗಾಡಿ ಓಡಸಂಗಿಲ್ಲ ಅಂತಾರಲ್ಲ? ಮತ್ತ್ಯಾಕ ರಿಪೇರಿ?

ಅದು ದೆಹಲಿ ಸುತ್ತಮುತ್ತಲಿನ ಮಾತು. ಇಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತೋರಿಸಿ, ಫಿಟ್‌ನೆಸ್ ಆಗಿ, ಹಸಿರು ತೆರಿಗೆ ಕಟ್ಟಿದರೆ 5 ವರ್ಷಕ್ಕೆ ನವೀಕರಣ. ಶುಲ್ಕ 2022ರ ಏಪ್ರಿಲ್ 1ರಿಂದ ಕಾರಿಗೆ 600ರಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000 ಮಾಡಿದರು.

ಇದರಿಂದ ಒಂದು ಉಪಾಯ ಹೊಳೆಯುತ್ತದೆ. ಆರ್‌ಸಿ ಮುಗಿಯೋಕೆ ಕೆಲವೇ ತಿಂಗಳು ಇದ್ದರೆ ರಿಪೇರಿ, ನವೀಕರಣ ಎರಡರ ನಿರ್ಧಾರವನ್ನೂ ಒಟ್ಟಿಗೆ ಮಾಡಿ. ನವೀಕರಣ ಮಾಡಿಸೋದೇ ಆದರೆ ಸಸ್ಪೆನ್ಷನ್ ಮೊದಲೇ ಸರಿ ಮಾಡಿಸಿ ಗಾಡಿ ತೋರಿಸಿ. ಮಾಡಿಸೋದಿಲ್ಲ ಅಂದರೆ ಜೀವಕ್ಕೆ ಬೇಕಾದ ಸಾಮಾನು ಬಿಟ್ಟು ಬೇರೇನೂ ಹಾಕಬೇಡಿ.

ರಿಪೇರಿ ಮಾಡ್ಸಿ ಮಾರ್ಲಾ, ಹಾಂಗೇ ಮಾರ್ಲಾ?

ಮಾರೋದೇ ಖಾತ್ರಿ ಆದರೆ ದೊಡ್ಡ ರಿಪೇರಿ ಬೇಡ. 28,000 ಹಾಕಿದರೆ ಕೊಳ್ಳುವವರು 28,000 ಜಾಸ್ತಿ ಕೊಡಲ್ಲ. ಲಿಂಕ್ ರಾಡ್ ತರದ ಸಣ್ಣ ಸಪ್ಪಳ ಮಾತ್ರ ತೆಗೆಸಿ. ಯಾಕಂದ್ರೆ ಸಪ್ಪಳ ಕೇಳಿದ ಕೂಡಲೇ ಕೊಳ್ಳುವವರು ಅದರ ಹತ್ತು ಪಟ್ಟು ಬೆಲೆ ಇಳಿಸುತ್ತಾರೆ. ಬಾಲ್ ಜಾಯಿಂಟ್ ಹೋಗಿದ್ದರೆ ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ ಬೆಲೆ ಇಳಿಸಿ. ಗುಜರಿಗೆ ಕೊಡೋದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಆರ್‌ಸಿ ರದ್ದು ಮಾಡಿಸಿ. ಅವರು ಕೊಡುವ ಪ್ರಮಾಣಪತ್ರ ತೋರಿಸಿದರೆ ಹೊಸ ಗಾಡಿಯ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ.

ಇದನ್ನ ಕೊಟ್ಟು ಹೈದರಾಬಾದಿನಿಂದೋ ಸೋಲಾಪುರದಿಂದೋ ಸೆಕೆಂಡ್ ಹ್ಯಾಂಡ್ ತಂದ್ರ? ಅಲ್ಲಿ ಸಸ್ತಾ ಅದಾವಂತ.

ಸಸ್ತಾ ಕಾಣುತ್ತವೆ. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿಯ ನಂಬರ್ (ಕಲಬುರಗಿಯಾದರೆ ಕೆಎ-32) ಮಾಡಿಸಬೇಕು, ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು. ಇದನ್ನು ಸೇರಿಸದೇ ಬೆಲೆ ಹೋಲಿಸಬೇಡಿ. ತೆರಿಗೆ ಕಟ್ಟದೇ ಹಾಗೇ ಓಡಿಸ್ತೀನಿ ಅನ್ನೋರಿಗೆ ಚೆಕ್‌ಪೋಸ್ಟಿನಲ್ಲೇ ಉತ್ತರ ಸಿಗುತ್ತದೆ. ಇನ್ನೊಂದು, ಆ ಗಾಡಿಯ ಸಸ್ಪೆನ್ಷನ್ ಹೇಗಿದೆ ಅಂತ ಯಾರಿಗೆ ಗೊತ್ತು? ನಿಮ್ಮ ಗಾಡಿಯ ರೋಗ ನಿಮಗೆ ಗೊತ್ತಿದೆ.

ಅಪ್ಪಾಜಿ ತಗೊಂಡ ಗಾಡಿ. ಕೊಡಾಕ ಒಪ್ಪವಲ್ಲರು. ಲೆಕ್ಕಕ್ಕ ಬರಂಗಿಲ್ಲ ಅಂತ ಹ್ಯಾಂಗ ಹೇಳ್ಲಿ?

ಹೇಳಬೇಡಿ. ಬಾಲ್ ಜಾಯಿಂಟ್, ಟೈ ರಾಡ್, ಬ್ರೇಕ್ ಗಟ್ಟಿ ಮಾಡಿಸಿ. ಅವರು ಸೂಪರ್ ಮಾರ್ಕೆಟ್‌ವರೆಗೆ, ಶರಣಬಸವೇಶ್ವರ ಗುಡಿವರೆಗೆ ಓಡಿಸಿಕೊಂಡಿರಲಿ. ಎಲ್ಲ ಖರ್ಚಿಗೂ ಲೆಕ್ಕ ಕೇಳೋಕಾಗಲ್ಲ.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ಎಲ್ಲಾ ಒಮ್ಮೆಲೇ ಮಾಡ್ಸಾಕ ರೊಕ್ಕ ಇಲ್ಲ. ಯಾವುದು ಮೊದಲ, ಯಾವುದು ಆಮ್ಯಾಲ?

ಒಂದೇ ಸಾಮಾನನ್ನು ಎರಡು ಸಲ ಬಿಚ್ಚಬಾರದು ಅನ್ನೋ ಹಾಗೆ ಜೋಡಿಸಿ. ಲೋಯರ್ ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಒಂದು ಸುತ್ತಿನಲ್ಲಿ. ಕೆಲವು ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮ್ ಜೊತೆಗೇ ಬರುತ್ತದೆ. ಬರೀ ಬುಶ್ ಒತ್ತಿಸುವ ಮಜೂರಿ ಸೇರಿಸಿ ನೋಡಿದರೆ ಪೂರ್ತಿ ಆರ್ಮ್ ಹಾಕೋದೇ ಸಮ ಆಗಬಹುದು, ಕೇಳಿ ನೋಡಿ. ಎರಡನೇ ಸುತ್ತಿನಲ್ಲಿ ಮುಂದಿನ ಶಾಕಪ್. ಅದು ಬಿಚ್ಚಿದಾಗಲೇ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು ಹಾಕಿಸಿ, ಯಾಕಂದ್ರೆ ಮಜೂರಿ ಒಂದೇ. ನಮ್ಮ ಧೂಳಿಗೆ ಆ ಬೂಟು ಹರಿದರೆ ಹೊಸ ಶಾಕಪ್ಪಿನ ಸೀಲೂ ಬಾಳಲ್ಲ. ಹಿಂದಿನ ಶಾಕಪ್ ಕೊನೆಗೆ, ಕೆಲಸವೂ ಸುಲಭ.

ಮುಂದಿನ ಸ್ಪ್ರಿಂಗ್ ಬಿಚ್ಚುವಾಗ ಅದನ್ನು ಒತ್ತಿ ಹಿಡಿಯೋ ಕಂಪ್ರೆಸರ್ ಇಲ್ಲದೆ ಹಗ್ಗ, ತಂತಿ ಕಟ್ಟಿ ಬಿಚ್ಚುವವರ ಹತ್ತಿರ ನಿಲ್ಲಲೂ ಬೇಡಿ. ಸಿಡಿದ ಸ್ಪ್ರಿಂಗ್ ಮುಖ ಒಡೆಯುತ್ತದೆ.

ಅಲೈನ್‌ಮೆಂಟ್ ಮಾಡಿಸಿದ್ರೂ ಗಾಡಿ ಎಡಕ್ಕ ಎಳೀತದ. ಮಷಿನ್ ಸರಿ ಇಲ್ಲೇನು?

ಮಷಿನ್ ಸರಿ ಇರಬಹುದು, ಕ್ರಮ ತಪ್ಪಿರಬಹುದು. ಬುಶ್ ಹರಿದ ಗಾಡಿಗೆ ಅಲೈನ್‌ಮೆಂಟ್ ಮಾಡೋದು ಸುಮ್ನೆ ದುಡ್ಡು ದಂಡ. ನಿಂತಾಗ ಹೊಂದಿಸಿದ ಅಳತೆ ಓಡುವಾಗ ನಿಲ್ಲಲ್ಲ. ಮೊದಲು ರಿಪೇರಿ, ಆಮೇಲೆ ಅಲೈನ್‌ಮೆಂಟ್. ಮಷಿನ್ ಕೊಡುವ ಚೀಟಿ ಕೇಳಿ ಪಡೆಯಿರಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹೊಂದಿಸಲು ಬರೋದು ಮುಂದಿನ ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಒಂದೇ. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರೋದು), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರೋದು) ಎರಡು ಕಡೆ ತೀರಾ ಬೇರೆ ಬೇರೆ ಕಂಡರೆ ಏನೋ ಬಾಗಿದೆ ಅಂತ ಅರ್ಥ: ಆರ್ಮ್, ಶಾಕಪ್ ಅಥವಾ ಕ್ರಾಸ್ ಮೆಂಬರ್. ಎಲ್ಲ ಸರಿ ಇದ್ದೂ ಎಳೆದರೆ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನದ್ದು. ರೋಡೇ ಎಡಕ್ಕೆ ಇಳಿಜಾರು ಇರೋದರಿಂದ ತುಸು ಎಡಕ್ಕೆ ಜಾರೋದು ಸಹಜ.

ದೊಡ್ಡ ಟೈರ್ ಹಾಕಿ, ಗಾಡಿ ಎತ್ತರ ಮಾಡಿದ್ರ ಈ ತ್ರಾಸೇ ಇರಂಗಿಲ್ಲಲ್ಲಾ?

ತ್ರಾಸು ಜಾಗ ಬದಲಿಸುತ್ತದೆ ಅಷ್ಟೇ. ಭಾರದ ಚಕ್ರದ ಹೊರೆ ಬೇರಿಂಗ್, ಬಾಲ್ ಜಾಯಿಂಟ್ ಮೇಲೆ ಬೀಳುತ್ತದೆ. ಎತ್ತರಿಸಿದರೆ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗುತ್ತದೆ.

ರಿಪೇರಿ ಆದ ಮ್ಯಾಲ ಕೆಲಸ ಸರಿ ಆಗ್ಯದೋ ಇಲ್ಲೋ ಹ್ಯಾಂಗ ತಿಳೀಬೇಕು?

ದುಡ್ಡು ಕೊಡುವ ಮೊದಲು ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಸಪ್ಪಳ ಬಂದ ರೋಡಿನಲ್ಲೇ ಓಡಿಸಿ. ಬೇರೆ ರೋಡಿನಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಇರುತ್ತದೆ. ಕಿಟಕಿ ಇಳಿಸಿ, ರೇಡಿಯೊ ಬಂದ್ ಮಾಡಿ. ಖಾಲಿ ರೋಡ್ ಸಿಕ್ಕರೆ 40ರ ವೇಗದಲ್ಲಿ ಬ್ರೇಕ್ ಒತ್ತಿ. ನೆಟ್ಟಗೆ ನಿಲ್ಲಬೇಕು, ಮೂತಿ ತೀರಾ ಬಗ್ಗಬಾರದು. ಹೊಸ ಶಾಕಪ್ ಮೊದಲಿಗೆ ಗಟ್ಟಿ ಅನಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಸೋತದ್ದರ ಮೆತ್ತನೆ ಕುಣಿತಕ್ಕೆ ಮೈ ಒಗ್ಗಿಕೊಂಡಿರುತ್ತದೆ.

ಬಿಚ್ಚಿದ ಹಳೆ ಸಾಮಾನು ಕೇಳಿ ತಗೊಳ್ಳಿ. ಬಿಲ್ಲಿನಲ್ಲಿ "ಸಸ್ಪೆನ್ಷನ್ ಕೆಲಸ" ಅಂತ ಒಂದೇ ಸಾಲು ಬರೆದಿದ್ದರೆ ಬಿಡಿಸಿ ಬರೆಸಿ: ಯಾವ ಸಾಮಾನು, ಯಾವ ಕಂಪನಿ, ಎಡವೋ ಬಲವೋ, ಅವತ್ತಿನ ಕಿ.ಮೀ. ಎಷ್ಟು. ಸಾವಿರ ಕಿ.ಮೀ. ಆದ ಮೇಲೆ ಒಮ್ಮೆ ಹೋಗಿ ಬೋಲ್ಟ್ ಬಿಗಿ ನೋಡಿಸಿ. ಇದಕ್ಕೆ ಯಾರೂ ದುಡ್ಡು ಕೇಳಲ್ಲ, ಕೇಳಿದರೆ ಚಹಾದ ದುಡ್ಡಷ್ಟೇ.